ಬಸುರಿಯ ರೊಟ್ಟಿಯೂ ದೇವರ ಮಾತೂ

ಪತ್ರ: ‘ಶುಭ ಶುಕ್ರವಾರದ ಬೆಳಿಗ್ಗೆ ನಮ್ಮ ಸೊಸೆ ಎರಡು ರೊಟ್ಟಿ ತಿಂದಳು. ಐದು ತಿಂಗಳ ಬಸುರಿ, ನಿಜ. ಒಂದು ದಿನ ತಡೆದಿದ್ದರೆ ಏನಾಗುತ್ತಿತ್ತು? ಯೇಸುಸ್ವಾಮಿ ಶಿಲುಬೆಯ ಮರಣದವರೆಗೂ ವಿಧೇಯರಾಗಿದ್ದರು. ಈಗಿನವರಿಗೆ ದೇವರ ಭಯವೇ ಇಲ್ಲ. ಇದರ ಬಗ್ಗೆ ಗಟ್ಟಿಯಾಗಿ ಬರೆಯಿರಿ.’
– ಹುಮನಾಬಾದ್ ಕಡೆಯ ಓದುಗರು

ಗಟ್ಟಿಯಾಗಿಯೇ ಬರೆಯುತ್ತೇನೆ ಹಿರಿಯರೇ. ಆದರೆ ಸೊಸೆಗಲ್ಲ, ನಿಮಗೆ.

ಉಪವಾಸ ಒಳ್ಳೆಯದು. ನಾನೂ ಮಾಡುತ್ತೇನೆ. ಹೊಟ್ಟೆ ಚುರುಗುಟ್ಟಿದಾಗ ಹಸಿದವರ ನೆನಪಾಗುತ್ತದೆ. ನಿಮ್ಮ ಶ್ರದ್ಧೆಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಈಗ ನಮ್ಮ ಕಥೋಲಿಕ ಧರ್ಮಸಭೆಯ ನಿಯಮ ಏನಿದೆ ನೋಡಿ. ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಅವತ್ತೂ ಒಂದು ಹೊತ್ತು ಪೂರ್ತಿ ಊಟ ಮಾಡಬಹುದು, ಬೆಳಿಗ್ಗೆ ಸಂಜೆ ಸ್ವಲ್ಪ ತಿನ್ನಬಹುದು. ಈ ಊಟದ ಮಾತನ್ನು 1966ರಲ್ಲೇ ಆರನೇ ಪೌಲ್ ಪೋಪ್ ಹೇಳಿಬಿಟ್ಟಿದ್ದಾರೆ. ಕಾಯಿಲೆಯವರು, ಬಸುರಿಯರು, ಬಾಣಂತಿಯರಿಗೆ ಅದೂ ಇಲ್ಲ. ಹಾಗಾದರೆ ನಿಮ್ಮ ಸೊಸೆ ಯಾವ ಮಾತು ಮೀರಿದಳು? ದೇವರದಂತೂ ಅಲ್ಲ. ನಿಮ್ಮದಿರಬೇಕು.

ಕಲಬುರಗಿಯಲ್ಲಿ ನಮ್ಮ ಪಕ್ಕದ ಮನೆಯ ಬೀಬಿಯವರನ್ನು ಕೇಳಿ ನೋಡಿ. ಅವರಲ್ಲೂ ಬಸುರಿಗೆ ರೋಜಾ ಬಿಡೋಕೆ ಅವಕಾಶ ಇದೆ, ಆಮೇಲೆ ತೀರಿಸಿದರಾಯಿತು. ಹೋದ ರಂಜಾನ್‌ನಲ್ಲಿ ಅವರು ಸೊಸೆಗೆ ಹಗಲಲ್ಲೇ ತಟ್ಟೆ ಹಾಕಿ, ಮುಂದೆ ಕೂತು ಉಣಿಸುತ್ತಿದ್ದರು. ತಮ್ಮ ಬಾಯಲ್ಲಿ ಮಾತ್ರ ಒಂದು ಹನಿ ನೀರಿಲ್ಲ.

ವಿಧೇಯತೆ ಅನ್ನೋದು ಪುಸ್ತಕದ ಪದ. ಮನೆಯಲ್ಲಿ ನಾವು ‘ಮಾತು ಕೇಳು’ ಅನ್ನುತ್ತೇವೆ. ಲ್ಯಾಟಿನ್‌ನಲ್ಲೂ ವಿಧೇಯತೆಯ ಪದ ಹುಟ್ಟಿದ್ದು ಕೇಳುವುದು ಅನ್ನೋ ಪದದಿಂದಲೇ. ಕೇಳಬೇಕಾದರೆ ಮೊದಲು ಸ್ವಲ್ಪ ಸುಮ್ನಿರಬೇಕು, ಅಲ್ವಾ? ನಮ್ಮ ಹಿರಿಯರಿಗೆ ಅದೇ ಕಷ್ಟ.

ಮರಿಯಮ್ಮನವರಿಗಿಂತ ವಿಧೇಯರು ಯಾರಿದ್ದಾರೆ? ಯೇಸುವಿನ ತಾಯಿಯಾಗೋಕೆ ದೇವದೂತನಿಗೆ ಒಪ್ಪಿಗೆ ಕೊಟ್ಟ ಮೇಲೆ ಅವರು ಮೊದಲು ಹೋಗಿದ್ದೆಲ್ಲಿಗೆ? ವಯಸ್ಸಾದ ಬಸುರಿ ಎಲಿಜಬೇತಮ್ಮನ ಮನೆಗೆ. ಗುಡ್ಡಗಾಡಿನ ದಾರಿ. ಅಲ್ಲಿ ಸುಮಾರು ಮೂರು ತಿಂಗಳು ಇದ್ದರು ಅನ್ನುತ್ತಾನೆ ಸುವಾರ್ತೆ ಬರೆದ ಲೂಕ. ಆ ಒಪ್ಪಿಗೆಯ ಹಬ್ಬ ಮಾರ್ಚ್ 25. ಎರಡನೇ ಜಾನ್ ಪೌಲ್ ಪೋಪ್ ಜೀವದ ಗೌರವದ ಬಗ್ಗೆ ಬರೆದ ದೊಡ್ಡ ಪತ್ರಕ್ಕೆ ಸಹಿ ಹಾಕಿದ್ದೂ 1995ರ ಅದೇ ದಿನ. ಈ ತಾರೀಕು ಸುಮ್ನೆ ಕೂಡಿ ಬಂದಿದ್ದು ಅಂತ ನನಗೆ ಅನಿಸೋದಿಲ್ಲ.

ಯಾದಗಿರಿ ಕಡೆಯ ಒಂದು ಧರ್ಮಕೇಂದ್ರದಲ್ಲಿ ನಾನು ಕಂಡಿದ್ದು ಹೇಳುತ್ತೇನೆ. ಏಪ್ರಿಲ್ ಬಿಸಿಲು. ಅಂಗಳದಲ್ಲಿ ಶಿಲುಬೆ ಹಾದಿ ನಡೆದಿತ್ತು, ಯೇಸುವಿನ ಕೊನೆಯ ನಡಿಗೆ ನೆನೆದು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಮಾಡುವ ಪ್ರಾರ್ಥನೆ. ಎಂಟನೆಯ ಸ್ಥಳದ ಹತ್ತಿರ ತುಂಬು ಬಸುರಿಯೊಬ್ಬಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಯೇಸು ಯೆರೂಸಲೇಮಿನ ಹೆಣ್ಣುಮಕ್ಕಳಿಗೆ ಸಮಾಧಾನ ಹೇಳುವ ಸ್ಥಳವದು. ಹಿಂದಿನಿಂದ ಒಬ್ಬರು ಗದರಿದರು: ‘ಏಳವ್ವಾ, ಪ್ರಾರ್ಥನೆ ನಡೆದದ.’ ಅಡುಗೆಮನೆಯಿಂದ ಸಿಸ್ಟರ್ ಒಬ್ಬರು ಸ್ಟೀಲ್ ಲೋಟದಲ್ಲಿ ಉಪ್ಪು ಸಕ್ಕರೆ ಹಾಕಿದ ಲಿಂಬು ನೀರು ತಂದರು. ಅವಳು ಕುಡಿಯಲಿಲ್ಲ. ಮೊದಲು ಗದರಿದವರ ಮುಖ ನೋಡಿದಳು. ‘ನನ್ನ ಮುಖ ನೋಡು, ಕುಡಿ’ ಅಂದರು ಸಿಸ್ಟರ್. ಆಗ ಕುಡಿದಳು. ಆವತ್ತಿನ ಪ್ರಬೋಧನೆಯಲ್ಲಿ ಏನು ಹೇಳಿದರೋ ಮರೆತಿದ್ದೇನೆ. ಆ ಲೋಟ ಮರೆತಿಲ್ಲ.

ಇನ್ನೊಂದು ಸಿಟ್ಟೂ ಇದೆ, ಹೇಳಿಬಿಡುತ್ತೇನೆ. ಜೀವದ ಗೌರವ ಅಂತ ನಾವು ಬ್ಯಾನರ್ ಹಿಡಿದು ಮೆರವಣಿಗೆ ಮಾಡುತ್ತೇವೆ. ಹುಟ್ಟದ ಮಗುವಿನ ಪರವಾಗಿ ಗಂಟಲು ಹರಿಯುವ ಹಾಗೆ ಕೂಗುತ್ತೇವೆ, ಕೂಗಲೇಬೇಕು. ಅದನ್ನು ಹೊತ್ತವಳಿಗೆ ಗುಡಿಯ ಅಂಗಳದಲ್ಲಿ ನೆರಳಿನ ಬೆಂಚು ಎಲ್ಲಿದೆ? ಗುಳೆ ಹೋಗಿ ಪುಣೆಯಲ್ಲಿ ಇಟ್ಟಿಗೆ ಹೊತ್ತು ಬರುವ ನಮ್ಮದೇ ಹೆಣ್ಣುಮಕ್ಕಳ ರಕ್ತ ಎಷ್ಟಿದೆ ಅಂತ ಯಾವ ಸಭೆಯಲ್ಲಿ ಕೇಳಿದ್ದೇವೆ? ಹದಿನಾರಕ್ಕೇ ಮದುವೆಗೆ ಓಡಾಡುವ ಅಪ್ಪನಿಗೆ ‘ಇದು ದೇವರ ಮಾತಲ್ಲ’ ಅಂತ ಎಷ್ಟು ಜನ ಹೇಳಿದ್ದೇವೆ? ಉಪವಾಸ ಎಣಿಸೋಕೆ ಮಾತ್ರ ಜನ ಜಾಸ್ತಿ.

ನಿಮ್ಮ ಮನೆಯಲ್ಲಿ ಸೊಸೆಯ ತಾಯಿ ಕಾರ್ಡ್ ಇದ್ದೇ ಇರುತ್ತದೆ. ಇವತ್ತು ಸಂಜೆ ಕನ್ನಡಕ ಹಾಕಿಕೊಂಡು ಅದನ್ನು ಓದಿ. ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಕಬ್ಬಿಣದ ಗುಳಿಗೆ ತಗೊಳ್ತಿದ್ದಾಳಾ ಅಂತ ಮೆಲ್ಲಗೆ ಕೇಳಿ. ಬರುವ ವಿಭೂತಿ ಬುಧವಾರಕ್ಕೆ ಮಗು ಎದೆಹಾಲು ಕುಡಿಯುತ್ತಿರುತ್ತದೆ. ಆಗಲೂ ಅವಳಿಗೆ ಉಪವಾಸ ಇಲ್ಲ. ಈಗಲೇ ಹೇಳಿದ್ದೇನೆ, ಅದಕ್ಕೆ ಮತ್ತೊಂದು ಪತ್ರ ಬರೆಯಬೇಡಿ. ಮಗು ಹುಟ್ಟಿದ ಸುದ್ದಿಗೆ ಬರೆಯಿರಿ.

– ಸಂಪಾದಕ