ಬಾವುಟದ ಇಮೋಜಿ ಒಂದನ್ನೇ ನಂಬಿ ಸ್ವಾಪ್ ಪೋಸ್ಟ್ ಹಾಕಬೇಡಿ

ಮೇಡಂ, ಪೋಸ್ಟ್‌ಕಾರ್ಡ್ ಅದಲುಬದಲು ಮಾಡಿಕೊಳ್ಳುವ ವಿದೇಶಿ ಸ್ವಾಪ್ ಗುಂಪಿನಲ್ಲಿ ನೀವು ಹಾಕಿದ ಪೋಸ್ಟಿನ ಸ್ಕ್ರೀನ್‌ಶಾಟ್ ನೋಡಿದೆ. ಹಂಪಿ, ಬಾದಾಮಿ ಕಾರ್ಡ್‌ಗಳ ಫೋಟೊ, ಕೆಳಗೆ ಒಂದು ಬಾವುಟ, ಒಂದು ಬಾಣ, ಇನ್ನೊಂದು ಬಾವುಟ. ಅಷ್ಟೇ, ಒಂದಕ್ಷರ ಬರೆದಿಲ್ಲ. ಐರ್ಲೆಂಡಿನವರು ಯಾರೂ ಮಾತಾಡಿಸುತ್ತಿಲ್ಲ, ಐವರಿ ಕೋಸ್ಟ್‌ನವರೊಬ್ಬರು ಮಾತ್ರ ಫ್ರೆಂಚ್‌ನಲ್ಲಿ ಮೆಸೇಜ್ ಮಾಡಿದ್ದಾರೆ, ಇದು ಮೋಸದ ಅಕೌಂಟಾ ಅಂತ ಇಲ್ಲಿ ಕೇಳಿದ್ದೀರಿ. ಮೋಸ ಅಲ್ಲ. ಪಾಪ, ಅವರು ನಿಮ್ಮ ಪೋಸ್ಟನ್ನು ಸರಿಯಾಗೇ ಓದಿದ್ದಾರೆ. ನೀವು ಐರ್ಲೆಂಡ್ ಅಂದುಕೊಂಡು ಹಾಕಿರುವುದು ಐವರಿ ಕೋಸ್ಟ್ ಬಾವುಟ. ಭಾರತ ಅಂದುಕೊಂಡು ಹಾಕಿರುವುದು ನೈಜರ್ ಬಾವುಟ. ಅಂದರೆ ನೈಜರ್‌ನಿಂದ ಐವರಿ ಕೋಸ್ಟ್‌ಗೆ ಹಂಪಿ ಕಾರ್ಡ್ ಕಳಿಸುತ್ತೇನೆ ಅಂತ ಓದಿಸಿಕೊಳ್ಳುತ್ತದೆ. ಐರ್ಲೆಂಡಿನವರು ಯಾಕೆ ನಿಲ್ಲುತ್ತಾರೆ?

ಬಣ್ಣ ನೋಡಿ ಆರಿಸಿದರೆ ಹೀಗೇ ಆಗುತ್ತದೆ, ಮೊದಮೊದಲು ನಾನೂ ಹಾಗೇ ಆರಿಸುತ್ತಿದ್ದೆ. ನೈಜರ್‌ದೂ ಮೇಲೆ ಕಿತ್ತಳೆ, ನಡುವೆ ಬಿಳಿ, ಕೆಳಗೆ ಹಸಿರು. ಮಧ್ಯದಲ್ಲಿರುವುದು ಮಾತ್ರ ನೀಲಿ ಚಕ್ರ ಅಲ್ಲ, ಕಿತ್ತಳೆ ಬೊಟ್ಟು. ಫೋನಿನ ಅಷ್ಟು ಸಣ್ಣ ಚಿತ್ರದಲ್ಲಿ 24 ಗೆರೆಯ ಅಶೋಕ ಚಕ್ರ ಯಾರಿಗೆ ಕಾಣುತ್ತದೆ? ಆಗಸ್ಟ್ 15ಕ್ಕೆ ನಮ್ಮ ವಾಟ್ಸಾಪ್‌ಗೆ ಬರುವ ಶುಭಾಶಯಗಳಲ್ಲೂ ನೈಜರ್ ಬಾವುಟ ಇರುತ್ತದೆ, ಅದನ್ನೇ ಇನ್ನೊಬ್ಬರು ಕಾಪಿ ಮಾಡಿ ಮುಂದೆ ಕಳಿಸುತ್ತಾರೆ. ದೇಶದ ಹಬ್ಬದ ದಿನ ದೇಶದ ಬಾವುಟವನ್ನೇ ನೋಡಿ ಹಾಕಲಿಲ್ಲ ಅಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಐರ್ಲೆಂಡ್ ವಿಷಯ: ಎಡದಿಂದ ಹಸಿರು, ಬಿಳಿ, ಕಿತ್ತಳೆ. ಐವರಿ ಕೋಸ್ಟ್: ಎಡದಿಂದ ಕಿತ್ತಳೆ, ಬಿಳಿ, ಹಸಿರು. 2018ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 60 ಮೀಟರ್ ಓಟ ಗೆದ್ದ ಐವರಿ ಕೋಸ್ಟ್‌ನ ಮ್ಯೂರಿಯೆಲ್ ಆಹೂರೆ, ತಮ್ಮ ದೇಶದ ಬಾವುಟ ಕೈಗೆ ಸಿಗದೆ ಐರಿಷ್ ಬಾವುಟ ಇಸಿದುಕೊಂಡು ತಿರುಗಿಸಿ ಹಿಡಿದು ಸಂಭ್ರಮಿಸಿದರು. ಬಟ್ಟೆಯ ಬಾವುಟವನ್ನು ಹಾಗೆ ತಿರುಗಿಸಬಹುದು. ಇಮೋಜಿಯಲ್ಲಿ ಆಗಲ್ಲ.

ಯಾಕೆ ಆಗಲ್ಲ ಅಂದರೆ, ಬಾವುಟದ ಇಮೋಜಿ ಒಳಗೆ ಚಿತ್ರವೇ ಅಲ್ಲ. ಎರಡು ವಿಶೇಷ ಅಕ್ಷರಗಳ ಜೋಡಿ. ಕಂಪ್ಯೂಟರ್, ಫೋನುಗಳ ಅಕ್ಷರಗಳಿಗೆ ಮಾನದಂಡ ಮಾಡುವ ಯೂನಿಕೋಡ್‌ನವರು 2010ರಲ್ಲಿ ಈ ಕೆಲಸಕ್ಕೇ 26 ಅಕ್ಷರ ಕೊಟ್ಟರು. ದೇಶದ ಎರಡಕ್ಷರದ ಕೋಡ್ ಬರೆದರೆ ಫೋನು ಅದನ್ನು ಬಾವುಟವಾಗಿ ತೋರಿಸುತ್ತದೆ. ಭಾರತ ಐಎನ್, ನೈಜರ್ ಎನ್ಇ, ಐರ್ಲೆಂಡ್ ಐಇ, ಐವರಿ ಕೋಸ್ಟ್ ಸಿಐ. ಪೋಸ್ಟ್‌ಕ್ರಾಸಿಂಗ್ ಜಾಲತಾಣದ ಮೂಲಕ ಬೇರೆ ದೇಶದ ಅಪರಿಚಿತರಿಗೆ ಕಾರ್ಡ್ ಕಳಿಸುವವರಿಗೆ ಇದು ಹೊಸದಲ್ಲ, ಇಲ್ಲಿಂದ ಹೋಗುವ ಕಾರ್ಡಿನ ಐಡಿ ಶುರುವಾಗುವುದೂ ಇದೇ ಐಎನ್‌ನಿಂದ. ಅಂಚೆಚೀಟಿ ಸಂಗ್ರಹ ಇರುವವರಿಗೆ ಇನ್ನೂ ಸುಲಭ. ಸ್ವಿಟ್ಜರ್ಲೆಂಡ್ ಯಾಕೆ ಸಿಎಚ್ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಅವರ ಚೀಟಿಯ ಮೇಲಿರುವ ಆ ದೇಶದ ಲ್ಯಾಟಿನ್ ಹೆಸರು ಹೆಲ್ವೇಷಿಯ ನೆನೆಸಿಕೊಳ್ಳಿ, ಸಿಎಚ್‌ನ ಎಚ್ ಅದೇ. ಕ್ರೊಯೇಷಿಯ ಎಚ್‌ಆರ್, ಚೀಟಿಯ ಮೇಲೆ ಹ್ರ್ವಾತ್ಸ್ಕ. ಎಸ್ಟೋನಿಯ ಇಇ, ಚೀಟಿಯ ಮೇಲೆ ಏಸ್ತಿ. ಆಲ್ಬಂ ತಿರುವಿದರೆ ಅರ್ಧ ಕೋಡ್‌ಗಳು ತಾನಾಗೇ ಬರುತ್ತವೆ.

ಈಗ ನಾನು ಮಾಡುವ ಪರೀಕ್ಷೆ ಹೇಳುತ್ತೇನೆ, ದಯವಿಟ್ಟು ಇದೊಂದನ್ನು ಮಾಡಿ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ನೋಟ್‌ಪ್ಯಾಡ್ ತೆರೆದು ಬಾವುಟವನ್ನು ಅಲ್ಲಿ ಪೇಸ್ಟ್ ಮಾಡಿ. ವಿಂಡೋಸ್‌ನ ಇಮೋಜಿ ಫಾಂಟ್‌ನಲ್ಲಿ ದೇಶಗಳ ಬಾವುಟವೇ ಇಲ್ಲ. ಅದಕ್ಕೇ ಅಲ್ಲಿ ಬಾವುಟದ ಬದಲು ಆ ಎರಡು ಅಕ್ಷರ ಮಾತ್ರ ಕಾಣುತ್ತವೆ. ಇದನ್ನು ಎಲ್ಲರೂ ದೊಡ್ಡ ಕೊರತೆ ಅಂತ ಬೈಯುತ್ತಾರೆ, ನನಗೆ ಮಾತ್ರ ಇದಕ್ಕಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ. ಕಣ್ಣಿಗೆ ಗೊತ್ತಾಗದ ತಪ್ಪು ಅಲ್ಲಿ ಬಯಲಾಗುತ್ತದೆ. ನಿಮ್ಮ ಪೋಸ್ಟನ್ನು ಹಾಕಿ ನೋಡಿ, ಎನ್ಇ, ಬಾಣ, ಸಿಐ ಅಂತ ಬರುತ್ತದೆ. ಭಾರತ, ನೈಜರ್ ಬಿಡಿ, ದೊಡ್ಡದು ಮಾಡಿ ನೋಡಿದರೆ ಅವಕ್ಕಾದರೂ ವ್ಯತ್ಯಾಸ ಇದೆ. ಕೆಲವಕ್ಕೆ ಏನೂ ವ್ಯತ್ಯಾಸವೇ ಇಲ್ಲ. ಅಮೆರಿಕದ ಬಾವುಟವೂ ಅದರ ಹೊರಗಿನ ಸಣ್ಣ ದ್ವೀಪಗಳ ಬಾವುಟವೂ ಒಂದೇ ಚಿತ್ರ, ಕೋಡ್ ಮಾತ್ರ ಯುಎಸ್ ಮತ್ತು ಯುಎಂ. ನಾರ್ವೆಗೆ ಎನ್ಒ, ಆದರೆ ನಾರ್ವೆಗೇ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಎಸ್‌ಜೆ, ಬೂವೆ ದ್ವೀಪದ ಬಿವಿ ಕೂಡ ಅದೇ ಚಿತ್ರ. ಬೂವೆ ದ್ವೀಪದಲ್ಲಿ ಯಾರೂ ವಾಸವೇ ಇಲ್ಲ, ನಾರ್ವೆ ಅಂದುಕೊಂಡು ಬಿವಿ ಹಾಕಿದರೆ ಅಲ್ಲಿಂದ ಕಾರ್ಡ್ ಬೇಕು ಅಂತ ಕೇಳಿದಂತಾಗುತ್ತದೆ. ಗುಂಪಿನಲ್ಲಿ ನಾರ್ವೆ ಬಾವುಟ ಹಾಕಿ ಹುಡುಕುವವರಿಗೆ ಈ ಪೋಸ್ಟ್ ಸಿಗುವುದಿಲ್ಲ, ಹುಡುಕುವುದು ಚಿತ್ರವನ್ನಲ್ಲ, ಒಳಗಿನ ಅಕ್ಷರವನ್ನು.

ಫೈರ್‌ಫಾಕ್ಸ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದು ತನ್ನದೇ ಇಮೋಜಿ ಫಾಂಟ್ ಇಟ್ಟುಕೊಂಡಿದೆ, ವಿಂಡೋಸ್‌ನಲ್ಲೂ ಬಾವುಟ ತೋರಿಸುತ್ತದೆ. ವಾಟ್ಸಾಪ್ ವೆಬ್ ಕೂಡ ಹಾಗೆಯೇ. ಮ್ಯಾಕ್ ಇರುವವರಿಗೆ ಇದು ನಡೆಯಲ್ಲ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನ ಇಮೋಜಿ ಹುಡುಕುವ ಜಾಗದಲ್ಲಿ ದೇಶದ ಹೆಸರನ್ನು ಇಂಗ್ಲಿಷ್‌ನಲ್ಲಿ ಪೂರ್ತಿ ಟೈಪ್ ಮಾಡಿ ಆರಿಸಿ. ಪಟ್ಟಿಯಲ್ಲಿ ಮೇಲಕ್ಕೆ ಕೆಳಕ್ಕೆ ಜಾರಿಸುತ್ತಾ ಬಣ್ಣ ನೋಡಿ ಆರಿಸುವ ಅಭ್ಯಾಸ ಬಿಡಿ. ಇತ್ತೀಚೆಗೆ ಬಳಸಿದವು ಅಂತ ಮೊದಲು ಬರುತ್ತದಲ್ಲ, ಅದನ್ನಂತೂ ನಂಬಲೇಬೇಡಿ. ಒಮ್ಮೆ ತಪ್ಪು ಬಾವುಟ ಅಲ್ಲಿ ಕೂತರೆ ಮತ್ತೆ ಮತ್ತೆ ಅದೇ ಕೈಗೆ ಸಿಗುತ್ತದೆ, ನಿಮಗೆ ಆಗಿರುವುದು ಬಹುಶಃ ಇದೇ. ಸರಿಯಾದ ಭಾರತದ ಬಾವುಟ ಒಮ್ಮೆ ಸಿಕ್ಕ ಮೇಲೆ ಜಿಬೋರ್ಡ್‌ನ ಪರ್ಸನಲ್ ಡಿಕ್ಷನರಿಯಲ್ಲಿ ಒಂದು ಶಾರ್ಟ್‌ಕಟ್ ಕೊಟ್ಟು ಇಟ್ಟುಬಿಡಿ. ಐಫೋನ್‌ನಲ್ಲಿ ಇದು ಟೆಕ್ಸ್ಟ್ ರಿಪ್ಲೇಸ್‌ಮೆಂಟ್ ಅಂತ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿದೆ. ಇನ್ನು ಆ್ಯಪಲ್, ಗೂಗಲ್ ಎರಡೂ ಬಾವುಟವನ್ನು ಗಾಳಿಗೆ ಅಲೆಯುವ ಹಾಗೆ ಬಿಡಿಸುತ್ತವೆ, ನೋಡಲು ಚಂದ, ಗುರುತು ಹಿಡಿಯಲು ಕಷ್ಟ. ಟ್ವಿಟರ್‌ನವರ (ಈಗ ಎಕ್ಸ್) ಸಪಾಟು ಬಾವುಟಗಳೇ ನನಗೆ ಹೆಚ್ಚು ಇಷ್ಟ.

ಇಷ್ಟೆಲ್ಲ ಸರಿ ಮಾಡಿದರೂ ಬಾವುಟದ ಪಕ್ಕ ದೇಶದ ಹೆಸರು ಬರೆಯಲೇಬೇಕು. ಓದುವವರು ವಿಂಡೋಸ್‌ನಲ್ಲಿದ್ದರೆ ಅವರಿಗೆ ಬಾವುಟ ಕಾಣದೇ ಇರಬಹುದು. ಹಳೇ ಫೋನಿನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬಾವುಟಗಳು ಬರೀ ಕಪ್ಪು ಬಾವುಟವಾಗಿ ಕಾಣುತ್ತವೆ, ಅವು 2017ರಲ್ಲಿ ಬೇರೆ ಥರದ ಜೋಡಣೆಯಲ್ಲಿ ಬಂದವು. ಇಂಡೋನೇಷ್ಯ ಮತ್ತು ಮೊನಾಕೊ, ಚಾಡ್ ಮತ್ತು ರೊಮೇನಿಯ, ಇವನ್ನು ಬಣ್ಣದಿಂದ ಬೇರ್ಪಡಿಸುವ ಪ್ರಯತ್ನವೇ ಬೇಡ. ಟೆಕ್ಸಾಸ್‌ನವರು ಚಿಲಿ ದೇಶದ ಬಾವುಟವನ್ನು ತಮ್ಮ ರಾಜ್ಯದ್ದು ಅಂತ ಎಷ್ಟು ಹಾಕುತ್ತಿದ್ದರು ಅಂದರೆ, 2017ರಲ್ಲಿ ಅಲ್ಲಿನ ಶಾಸಕರೊಬ್ಬರು ಹಾಗೆ ಮಾಡಬೇಡಿ ಅಂತ ಸದನದಲ್ಲಿ ಒಂದು ನಿರ್ಣಯವನ್ನೇ ಮಂಡಿಸಿದರು.

ಬಾಣದ ಬಗ್ಗೆಯೂ ಹೇಳಬೇಕು. ಸ್ವಾಪ್ ಪೋಸ್ಟಿನಲ್ಲಿ ಬಾಣ ಅಂದರೆ ಎಲ್ಲಿಂದ ಎಲ್ಲಿಗೆ ಕಳಿಸುತ್ತೇನೆ ಅಂತ. ಅದೇ ಎರಡು ಬಾವುಟ, ಬಾಣ ಯಾರದೋ ಬಯೋದಲ್ಲಿ, ಅಂದರೆ ಪ್ರೊಫೈಲಿನ ಪರಿಚಯದ ಸಾಲಿನಲ್ಲಿದ್ದರೆ ಹುಟ್ಟಿದ್ದು ಅಲ್ಲಿ, ಈಗ ಇರುವುದು ಇಲ್ಲಿ ಅಂತ. ಜರ್ಮನಿಯಲ್ಲಿರುವ ನಮ್ಮ ಕನ್ನಡದವರು ಬಯೋದಲ್ಲಿ ಹೀಗೇ ಹಾಕಿಕೊಂಡಿರುತ್ತಾರೆ. ಅದನ್ನು ನೋಡಿ ಅವರು ಭಾರತದಿಂದ ಕಾರ್ಡ್ ಕಳಿಸುತ್ತಾರೆ ಅಂದುಕೊಳ್ಳಬೇಡಿ, ಜರ್ಮನಿ ಸ್ಟ್ಯಾಂಪೇ ಬರುವುದು. ಬಯೋದಲ್ಲಿ ಒಂದೇ ಬಾವುಟ ಇದ್ದರೂ ಅದು ವಿಳಾಸ ಅಂತ ತಿಳಿಯಬೇಡಿ. 2022ರ ನಂತರ ಉಕ್ರೇನ್ ಬಾವುಟ ಹಾಕಿಕೊಂಡವರಲ್ಲಿ ಎಷ್ಟೋ ಜನ ಉಕ್ರೇನಿನವರಲ್ಲ, ಅದು ಬೆಂಬಲ. ಪ್ಯಾಲೆಸ್ಟೀನ್‌ಗೆ ಬಾವುಟದ ಬದಲು ಕಲ್ಲಂಗಡಿ ಹಾಕುತ್ತಾರೆ, ಹಣ್ಣಿನಲ್ಲಿ ಅದೇ ನಾಲ್ಕು ಬಣ್ಣ ಇವೆ. ಕೊರಿಯ ಬಾವುಟ ಇದ್ದರೆ ಕೆ-ಪಾಪ್ ಅಭಿಮಾನಿ ಇರಬಹುದು, ಭಾಷೆ ಕಲಿಯುತ್ತಿರಬಹುದು. ಕೆಂಪು ತ್ರಿಕೋನ ಬಾವುಟ ಯಾವ ದೇಶದ್ದೂ ಅಲ್ಲ, ಈ ಮನುಷ್ಯನ ಹತ್ತಿರ ಹುಷಾರು ಅಂತ. ನಿಮ್ಮ ಹೆಸರಿನ ಕೆಳಗೆ ಯಾರಾದರೂ ಅದನ್ನು ಹಾಕಿದರೆ ಸುಮ್ನೆ ಬಿಡಬೇಡಿ, ಅಡ್ಮಿನ್‌ಗೆ ಹೇಳಿ. ಎರಡು ಬಾವುಟ ಅಡ್ಡಡ್ಡ ಇರುವ ಇಮೋಜಿಯನ್ನು ಎರಡು ದೇಶಗಳ ಸ್ನೇಹ ಅಂತ ಹಾಕುತ್ತಾರೆ, ಅವೆರಡೂ ಜಪಾನಿನವೇ.

ಕರ್ನಾಟಕದ ಹಳದಿ ಕೆಂಪು ಬಾವುಟ ಇಮೋಜಿಯಲ್ಲಿ ಇಲ್ಲ. ಹೊಸ ಬಾವುಟಗಳ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂತ ಯೂನಿಕೋಡ್‌ನವರು 2022ರಲ್ಲೇ ಹೇಳಿದ್ದಾರೆ, ಅರ್ಜಿಗೆ ಸಹಿ ಹಾಕಿ ಅಂತ ಯಾರಾದರೂ ಕಳಿಸಿದರೆ ಸಮಯ ಹಾಳು ಮಾಡಿಕೊಳ್ಳಬೇಡಿ. ಹಳದಿ ಹೃದಯ, ಕೆಂಪು ಹೃದಯ ಹಾಕುವ ನಮ್ಮ ರೂಢಿಯೇ ಸಾಕು, ಕನ್ನಡದವರಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನು ಕೆಲವರು ಕನ್ನಡದ ಕೋಡ್ ಕೆಎನ್ ಅಲ್ವಾ ಅಂತ ಆ ಎರಡಕ್ಷರ ಜೋಡಿಸುತ್ತಾರೆ. ಅದು ಭಾಷೆಯ ಕೋಡ್. ಬಾವುಟದಲ್ಲಿ ಕೆಎನ್ ಅಂದರೆ ಕೆರಿಬಿಯನ್‌ನ ಸೇಂಟ್ ಕಿಟ್ಸ್ ಮತ್ತು ನೆವಿಸ್.

ಕೋಡ್ ಕಲಿತ ಉತ್ಸಾಹದಲ್ಲಿ ಲಕೋಟೆಯ ಮೇಲೆ ಅದನ್ನೇ ಬರೆಯಬೇಡಿ. ಸಿಎ ಅಂದರೆ ಕೆನಡಾ, ಅಮೆರಿಕದೊಳಗೆ ಕ್ಯಾಲಿಫೋರ್ನಿಯ. ಡಿಇ ಜರ್ಮನಿ, ಅಲ್ಲಿ ಡೆಲವೇರ್. ನಮ್ಮ ಐಎನ್ ಕೂಡ ಅವರಿಗೆ ಇಂಡಿಯಾನ. ಬಾವುಟದ ಸ್ಟಿಕ್ಕರ್ ಅಂಟಿಸುವ ಆಸೆ ಇದ್ದರೆ ಹಿಂಬದಿಗೆ ಅಂಟಿಸಿ. ವಿಳಾಸದ ಕೊನೆಯ ಸಾಲಿನಲ್ಲಿ ದೇಶದ ಹೆಸರು ಮಾತ್ರ ಇರಲಿ, ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಪೂರ್ತಿಯಾಗಿ. ಆಸ್ಟ್ರಿಯ ಬರೆಯುವಾಗ ಎರಡು ಸಲ ಓದಿ, ಅವಸರದಲ್ಲಿ ಬರೆದ ಆಸ್ಟ್ರಿಯ ಆಸ್ಟ್ರೇಲಿಯದ ಚೀಲಕ್ಕೆ ಬೀಳಬಹುದು. ನಿಮ್ಮ ಫ್ರಂ ವಿಳಾಸದಲ್ಲೂ ಇಂಡಿಯಾ ಅಂತ ಬರೆಯಿರಿ, ಬರೀ ಪಿನ್‌ಕೋಡ್ ನೋಡಿ ಡಬ್ಲಿನ್‌ನಲ್ಲಿ ಕೂತವರು ವಾಪಸ್ ಕಳಿಸಲು ಆಗುವುದಿಲ್ಲ.