ಸಮಾನತೆ ಅಂತ ಸರ್ಕಾರಿ ಕಚೇರಿಗಳು ಇಷ್ಟು ಮಾತಾಡುತ್ತವಲ್ಲ, ಅದರಿಂದ ಕಚೇರಿಗೇ ಏನಾದರೂ ಲಾಭ ಇದೆಯಾ?

ಬೋರ್ಡು, ಭಾಷಣ ಜಾಸ್ತಿ ಇರುವುದು ನಿಜ. ಆದರೂ ಲಾಭ ಇದೆ. ಮುಂಬೈಯ ಒಂದು ಸರ್ಕಾರಿ ಕಚೇರಿಯ ಕೌಂಟರಿನಲ್ಲಿ 22 ವರ್ಷ ಕೂತವಳು ನಾನು. ಯಾವ ಕಚೇರಿ ಅಂತ ಕೇಳಬೇಡಿ, ಪೆನ್ಶನ್ ಅಲ್ಲಿಂದಲೇ ಬರಬೇಕು.

ಒಂದು ದಿನ ಕಲಬುರಗಿ ಕಡೆಯ ಅಜ್ಜಿಯೊಬ್ಬರು ಬಂದರು. ಅದು ಅವರ ನಾಲ್ಕನೇ ಸಲ. ಫಾರ್ಮ್ ಮರಾಠಿಯಲ್ಲಿತ್ತು. ಹೋದಾಗಲೆಲ್ಲ ಒಂದು ಕಾಗದ ಕಮ್ಮಿ ಅಂತ ವಾಪಸ್ ಕಳಿಸಿದ್ದರಂತೆ. ಅವತ್ತು ಊಟಕ್ಕೆ ಹೋದವರ ಬದಲಿಗೆ ನಾನು ಆ ಕಿಟಕಿಯಲ್ಲಿದ್ದೆ. "ಯಾವೂರಮ್ಮ?" ಅಂದದ್ದೇ ತಡ, ಪ್ಲಾಸ್ಟಿಕ್ ಚೀಲವನ್ನು ಹಾಗೇ ಕೌಂಟರಿನ ಮೇಲೆ ಸುರಿದರು. ಬೇಕಾದ ಕಾಗದವೆಲ್ಲ ಅದರಲ್ಲೇ ಇತ್ತು, ಮೊದಲ ದಿನದಿಂದಲೂ! ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಅಜ್ಜಿಯ ಕಷ್ಟ ಒಂದು ಕಡೆ ಇರಲಿ, ಕಚೇರಿಯ ಲೆಕ್ಕ ನೋಡಿ. ನಾಲ್ಕು ಸಲ ಕ್ಯೂ, ನಾಲ್ಕು ಸಲ ಕ್ಲಾರ್ಕಿನ ಸಮಯ, ಒಂದೇ ಅರ್ಜಿಗೆ. ಆಮೇಲೆ ಸಾಹೇಬರ ಒಪ್ಪಿಗೆ ತಗೊಂಡು, ಯಾರಿಗೆ ಯಾವ ಭಾಷೆ ಬರುತ್ತದೆ ಅಂತ ಚೀಟಿ ಬರೆದು ಕಿಟಕಿಗಳಿಗೆ ಅಂಟಿಸಿದೆವು. ಖರ್ಚು ಗೋಂದಿನದ್ದು ಮಾತ್ರ. ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪಾಲಿಕೆ ಶಾಲೆಗಳು ನಡೆಯುವ ಊರಿದು, ನಾಲ್ಕು ಚೀಟಿ ಏನು ಮಹಾ?

ಇನ್ನೊಂದು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ನಮ್ಮ ಮಹಡಿಯಲ್ಲಿ ಹೆಂಗಸರಿಗೆ ಟಾಯ್ಲೆಟ್ ಇರಲಿಲ್ಲ. ಎರಡು ಮಹಡಿ ಹತ್ತಬೇಕು. ಬೀಗದ ಕೈ ಪ್ಯೂನ್ ಹತ್ತಿರ, ಪ್ಯೂನ್ ಚಹಾದಂಗಡಿಯಲ್ಲಿ. ಅಷ್ಟು ಹೊತ್ತೂ ಕಿಟಕಿ ಬಂದ್, ಬೈಗುಳ ನನಗೆ. ಕೊನೆಗೆ ನಾವು ನೀರು ಕುಡಿಯುವುದನ್ನೇ ಬಿಟ್ಟೆವು, ಇನ್ಫೆಕ್ಷನ್ ಆಗಿ ರಜೆ ಹಾಕಿದೆವು. ಸಾಹೇಬರಿಗೆ ರಜೆ ಅರ್ಜಿ ಕಾಣುತ್ತಿತ್ತು, ಬೀಗ ಕಾಣುತ್ತಿರಲಿಲ್ಲ.

ಯಾರು ಕೆಲಸಕ್ಕಿದ್ದಾರೆ ಅನ್ನುವುದೂ ಮುಖ್ಯ. 2017ರಲ್ಲಿ ನಮ್ಮ ಮಾಟುಂಗಾ ಸ್ಟೇಷನ್ನಿಗೆ ಪೂರ್ತಿ ಹೆಂಗಸರನ್ನೇ ಹಾಕಿದರು. ಪೇಪರಿನವರು ದಾಖಲೆ ಅಂತ ಬರೆದರು. ನನಗಾದ ಉಪಯೋಗ ಬೇರೆ. ಯಾರೋ ಹಿಂದೆಯೇ ಬರುತ್ತಿದ್ದಾನೆ ಅಂತ ಅಲ್ಲಿ ಹೋಗಿ ಹೇಳಲು ಸಂಕೋಚ ಆಗಲಿಲ್ಲ. ದೂರು ಬಂದರೆ ತಾನೆ ರೈಲ್ವೆಗೂ ಗೊತ್ತಾಗುವುದು?

ಬ್ರಿಟನ್ನಿನ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ, ಏನೇ ನಿರ್ಧಾರ ಮಾಡುವಾಗಲೂ ಸರ್ಕಾರಿ ಸಂಸ್ಥೆಗಳು ಸಮಾನತೆಯನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ನಾವು ಮಾಡಿದ ಮೇಲೆ ಯೋಚಿಸುತ್ತೇವೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಅದಾದ ಮೇಲೆ ನಮ್ಮ ಕಚೇರಿಯ ಒಳ್ಳೇ ಕಲ್ಲಿನ ಮೆಟ್ಟಿಲು ಒಡೆದು ರ‍್ಯಾಂಪ್ ಮಾಡಿದರು. ಎರಡೆರಡು ಖರ್ಚು. ಗಾಲಿಕುರ್ಚಿಯವರು ಬಂದರು, ಬಸುರಿಯರು ಬಂದರು. ಎಲ್ಲರಿಗಿಂತ ಜಾಸ್ತಿ ಓಡಾಡಿದ್ದು ಫೈಲು ತಳ್ಳುವ ಗಾಡಿ! ಬುಡದಲ್ಲಿ ಯಾರಾದರೂ ಸ್ಕೂಟರ್ ನಿಲ್ಲಿಸಿರದಿದ್ದರೆ, ಅಷ್ಟೇ.