ಥೈರಾಯ್ಡಿನ ಎರಡೂ ಹಾಲೆಗಳಲ್ಲಿ ಕ್ಯಾನ್ಸರ್: ಇಡೀ ಗ್ರಂಥಿಯನ್ನು ತೆಗೆಯಬೇಕೆ?

ಪ್ರಶ್ನೆ: ನನ್ನ ಅಕ್ಕನಿಗೆ 42 ವರ್ಷ. ಥೈರಾಯ್ಡಿನ ಬಲ ಹಾಲೆಯಲ್ಲಿ (ಗ್ರಂಥಿಯ ಬಲ ಭಾಗದಲ್ಲಿ) 1.8 ಸೆಂ.ಮೀ. ಗಂಟಿದ್ದು, ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಎಂದು ತಿಳಿಯಿತು. ಅರ್ಧ ಗ್ರಂಥಿ ತೆಗೆದರೆ ಸಾಕೆಂದಿದ್ದ ವೈದ್ಯರು, ಎಡ ಹಾಲೆಯ ಸಣ್ಣ ಗಂಟಿನಲ್ಲೂ ಅದೇ ರೋಗ ಕಂಡ ಮೇಲೆ ಪೂರ್ತಿ ತೆಗೆಯಬೇಕೆನ್ನುತ್ತಿದ್ದಾರೆ. ರೋಗ ಹರಡಿಬಿಟ್ಟಿದೆಯೇ? ಅಕ್ಕ ಸಂಗೀತ ಕಲಿಸುವವಳು, ದನಿಯ ಬಗ್ಗೆ ಬಹಳ ಹೆದರಿದ್ದಾಳೆ.

ಉತ್ತರ: ಎರಡು ಹಾಲೆಗಳಲ್ಲಿ ರೋಗವಿದ್ದ ಮಾತ್ರಕ್ಕೆ ಅದು ದೇಹದಲ್ಲೆಲ್ಲ ಹರಡಿದೆ ಎಂದು ತಿಳಿಯಬೇಕಾಗಿಲ್ಲ. ಪ್ಯಾಪಿಲರಿ ಕ್ಯಾನ್ಸರ್ ಒಂದೇ ಗ್ರಂಥಿಯಲ್ಲಿ ಹಲವು ಕಡೆ ಕಾಣಿಸಿಕೊಳ್ಳುವುದು ಸಾಮಾನ್ಯ. ಕೆಲವೊಮ್ಮೆ ಗಂಟುಗಳು ಪ್ರತ್ಯೇಕವಾಗಿಯೇ ಹುಟ್ಟಿರುತ್ತವೆ, ಕೆಲವೊಮ್ಮೆ ಗ್ರಂಥಿಯೊಳಗಿನ ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ಆಚೆ ಬದಿಗೆ ದಾಟಿರುತ್ತವೆ. ರೋಗದ ಹಂತವನ್ನು ಗಂಟುಗಳ ಸಂಖ್ಯೆಯಿಂದ ಅಳೆಯುವುದಿಲ್ಲ. ಈಗಿನ ವರ್ಗೀಕರಣದಲ್ಲಿ 55 ವರ್ಷದೊಳಗಿನವರಿಗೆ ಶ್ವಾಸಕೋಶ, ಮೂಳೆಯಂಥ ದೂರದ ಅಂಗಗಳಿಗೆ ರೋಗ ತಲುಪಿಲ್ಲವಾದರೆ ಅದು ಮೊದಲನೆಯ ಹಂತವೇ.

ಬದಲಾಗುವುದು ಶಸ್ತ್ರಚಿಕಿತ್ಸೆಯ ಲೆಕ್ಕ. ಒಂದೇ ಬದಿಯಲ್ಲಿರುವ, 4 ಸೆಂ.ಮೀ. ಮೀರದ, ಗ್ರಂಥಿಯ ಹೊರಕ್ಕೆ ಚಾಚದ, ದುಗ್ಧಗ್ರಂಥಿಗಳನ್ನು (ಲಿಂಫ್ ಗ್ರಂಥಿಗಳನ್ನು) ತಲುಪದ ಗಂಟಿಗೆ ಅರ್ಧ ತೆಗೆಯುವುದು ಒಪ್ಪಿತ ಕ್ರಮ. ಎರಡೂ ಬದಿ ಕ್ಯಾನ್ಸರ್ ಖಚಿತವಾದಾಗ ಅರ್ಧವನ್ನು ಉಳಿಸುವುದೆಂದರೆ ತಿಳಿದೂ ರೋಗವನ್ನು ಉಳಿಸಿದಂತೆ. ನಿಮ್ಮ ವೈದ್ಯರ ಸಲಹೆ ಸರಿಯಾಗಿಯೇ ಇದೆ. ಗ್ರಂಥಿ ಪೂರ್ತಿ ಹೋದರೆ, ಅಗತ್ಯಬಿದ್ದಲ್ಲಿ ಅಳಿದುಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ವಿಕಿರಣಶೀಲ ಅಯೋಡಿನ್ ಕೊಡುವುದಕ್ಕೂ, ಥೈರಾಯ್ಡ್ ಕೋಶಗಳು ತಯಾರಿಸುವ ಥೈರೋಗ್ಲೋಬುಲಿನ್ ಎಂಬ ಪ್ರೋಟೀನಿನ ರಕ್ತದಲ್ಲಿನ ಪ್ರಮಾಣದಿಂದ ರೋಗ ಮರುಕಳಿಸಿದೆಯೇ ಎಂದು ಗಮನಿಸುವುದಕ್ಕೂ ಅನುಕೂಲ. ಆದರೆ ಅಯೋಡಿನ್ ಎಲ್ಲರಿಗೂ ಬೇಕಾಗುವುದಿಲ್ಲ, ಅದನ್ನು ತೆಗೆದ ಗ್ರಂಥಿಯ ವರದಿ ನೋಡಿ ನಿರ್ಧರಿಸುತ್ತಾರೆ.

ಅಕ್ಕನವರ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಧ್ವನಿತಂತುಗಳನ್ನು ಆಡಿಸುವ ನರ ಪ್ರತಿ ಬದಿಯಲ್ಲೂ ಗ್ರಂಥಿಯ ಹಿಂಬದಿಗೆ ಅಂಟಿದಂತೆಯೇ ಸಾಗುತ್ತದೆ. ಒಂದು ಕಡೆಯ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಎರಡೂ ಕಡೆ ಆದರೆ ಉಸಿರಾಟಕ್ಕೇ ತೊಂದರೆ. ಆದ್ದರಿಂದಲೇ ಅನೇಕ ಶಸ್ತ್ರಚಿಕಿತ್ಸಕರು ನರದ ಸಂಕೇತವನ್ನು ಯಂತ್ರದಿಂದ ಪರೀಕ್ಷಿಸುತ್ತ ಹೋಗುತ್ತಾರೆ, ಮತ್ತು ಮೊದಲ ಬದಿಯಲ್ಲಿ ಸಂಕೇತ ನಿಂತುಹೋದರೆ ಎರಡನೆಯ ಬದಿಯನ್ನು ಮುಂದೂಡುವುದೂ ಉಂಟು. ಹಾಡುವವರಿಗೆ ಮುಖ್ಯವಾದ ಇನ್ನೊಂದು ಸಣ್ಣ ನರ ಹಾಲೆಯ ಮೇಲ್ತುದಿಯ ಬಳಿ ಇದೆ. ಅದು ತಾರಸ್ಥಾಯಿಯ ಸ್ವರಗಳಿಗೆ ಬೇಕಾದದ್ದು. ಸಂಗೀತದ ವಿಷಯವನ್ನು ಶಸ್ತ್ರಚಿಕಿತ್ಸಕರಿಗೆ ಮೊದಲೇ ಹೇಳಿ, ಧ್ವನಿತಂತುಗಳ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಅವರು ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತಾರೆಂದು ಸಂಕೋಚವಿಲ್ಲದೆ ಕೇಳಿ. ಅನುಭವಿ ಕೈಯಲ್ಲಿ ಶಾಶ್ವತ ಹಾನಿ ಅಪರೂಪ.

ಕ್ಯಾಲ್ಸಿಯಂ ಕಾಯುವ, ಸಾಮಾನ್ಯವಾಗಿ ನಾಲ್ಕಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಅಲ್ಲೇ ಇವೆ. ಶಸ್ತ್ರಚಿಕಿತ್ಸೆಯ ನಂತರ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟಿದರೆ ಅದು ಕ್ಯಾಲ್ಸಿಯಂ ಇಳಿದ ಸೂಚನೆಯಿರಬಹುದು, ತಡಮಾಡದೆ ವೈದ್ಯರಿಗೆ ತಿಳಿಸಬೇಕು; ಬಹುತೇಕರಲ್ಲಿ ಇದು ತಾತ್ಕಾಲಿಕ. ಗ್ರಂಥಿ ಕೊಡುತ್ತಿದ್ದ ಹಾರ್ಮೋನಿಗೆ ಬದಲಿಯಾದ ಥೈರಾಕ್ಸಿನ್ ಮಾತ್ರೆಯನ್ನು ಮಾತ್ರ ಜೀವನಪರ್ಯಂತ ದಿನವೂ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆಯ ಅಂತರವಿರಲಿ.